ಅರಿವನ್ನು ಅಳೆಯುವ ಬಗೆ

೧

ಚೈತ್ರಮಾಸದಲ್ಲಿ, ಗುಡ್ಡದ ಗೇರುಮರಗಳು ಹಣ್ಣು ಬಿಡುವ ಕಾಲಕ್ಕೆ, ನಮ್ಮ ಜಿಲ್ಲೆಯ ಮನೆಮನೆಗಳಲ್ಲಿಯೂ ಒಂದೇ ಪ್ರಶ್ನೆ ಕೇಳಿಬರುತ್ತದೆ: "ಎಷ್ಟು ಬಂತು?" ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾಗುವ ಸಮಯವದು. ೨೦೨೪ರಲ್ಲಿ ದಕ್ಷಿಣ ಕನ್ನಡವು ಶೇಕಡ ೯೭.೩೭ರಷ್ಟು ತೇರ್ಗಡೆಯೊಡನೆ ರಾಜ್ಯಕ್ಕೆಲ್ಲ ಮೊದಲನೆಯದಾಯಿತು. ೨೦೨೫ರಲ್ಲಿ ಶೇಕಡ ೯೩.೫೭ರೊಡನೆ, ಉಡುಪಿಯ ಹಿಂದೆ, ಎರಡನೆಯದಾಯಿತು. ಇದು ನಮಗೆ ಸಂತೋಷದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ರಾಮಕುಂಜ, ಆಲಂಕಾರು, ಉಪ್ಪಿನಂಗಡಿಗಳಂತಹ ಹಳ್ಳಿ-ಪೇಟೆಗಳಿಂದ ಮಳೆಯಲ್ಲಿ ಕೊಡೆ ಹಿಡಿದು, ಬಿಸಿಲಲ್ಲಿ ಬೆವರಿಳಿಸಿ ವಿದ್ಯಾಲಯಗಳಿಗೆ ಹೋಗುವ ಮಕ್ಕಳ ಪರಿಶ್ರಮವೂ, ಅವರಿಗಾಗಿ ತಾವು ಉಣ್ಣುವುದರಲ್ಲಿಯೂ ಉಡುವುದರಲ್ಲಿಯೂ ಮಿತಮಾಡಿಕೊಂಡ ತಾಯ್ತಂದೆಗಳ ತ್ಯಾಗವೂ ಆ ಅಂಕಿಗಳ ಹಿಂದೆ ಇವೆ.

ಆದರೆ ಸಂತೋಷವು ಬೇರೆ, ವಿಚಾರವು ಬೇರೆ. ಭೌತಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೈದು ಅಂಕಗಳನ್ನು ಪಡೆದ ಬಾಲಕನೊಬ್ಬನು ಭೌತಶಾಸ್ತ್ರವನ್ನು ಅರಿತಿದ್ದಾನೆಯೇ? ಅರಿತಿದ್ದಾನೆಂದು ಹೇಳಲು ಆ ತೊಂಬತ್ತೈದು ಎಂಬ ಅಂಕಿಯು ಪ್ರಮಾಣವಾಗಬಲ್ಲುದೇ? ಆಗುವುದಾದರೆ ಎಷ್ಟರ ಮಟ್ಟಿಗೆ? ಆಗದಿದ್ದರೆ, ಆ ಅಂಕಿಯನ್ನೇ ನಂಬಿ ಮಕ್ಕಳ ಬಾಳಿನ ದಾರಿಯನ್ನು ಗೊತ್ತುಮಾಡುವ ನಾವು ಧರ್ಮವನ್ನು ನಡೆಸುತ್ತಿದ್ದೇವೆಯೇ? ಈ ಪ್ರಶ್ನೆಗಳನ್ನು ಇಲ್ಲಿ ಯಥಾಮತಿ ಪರಿಶೀಲಿಸಬೇಕೆಂದಿದ್ದೇನೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮುಂದೆ ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನನಗೆ ಭೌತಶಾಸ್ತ್ರದಲ್ಲಿ ಪಾಂಡಿತ್ಯವೆಂಬುದಿಲ್ಲ. ಆದರೂ ಅರಿವೆಂದರೇನು, ಅದಿದೆಯೆಂದು ತಿಳಿಯುವುದು ಹೇಗೆ ಎಂಬುದು ಒಂದು ಶಾಸ್ತ್ರಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಭೌತಶಾಸ್ತ್ರವನ್ನೇ ಉದಾಹರಣೆಯಾಗಿ ಆರಿಸಿಕೊಂಡುದಕ್ಕೆ ಕಾರಣವೂ ಉಂಟು: ಆ ಶಾಸ್ತ್ರದ ವಿಷಯವು ನಮ್ಮ ಕಣ್ಣೆದುರಿಗೇ ಇದೆ. ಉದುರುವ ತೆಂಗಿನಕಾಯಿ, ಬಾವಿಯ ರಾಟೆ, ಗುಡುಗು-ಮಿಂಚು, ಹೊಳೆಯ ಸುಳಿ ಎಲ್ಲವೂ ಅದರ ಪ್ರಮೇಯಗಳೇ. ಆದಕಾರಣ ಅಲ್ಲಿ ಬಾಯಿಪಾಠವೂ ನಿಜವಾದ ತಿಳಿವಳಿಕೆಯೂ ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತವೆ.

'ಪರೀಕ್ಷೆ' ಎಂಬ ಪದದ ಅರ್ಥವನ್ನಾದರೂ ಮೊದಲು ನೋಡೋಣ. ಪರಿತಃ ಈಕ್ಷಣವೇ ಪರೀಕ್ಷೆ. ಎಂದರೆ ಸುತ್ತಲಿಂದಲೂ ನೋಡುವುದು. ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಶಾಸ್ತ್ರದ ಪ್ರವೃತ್ತಿಯನ್ನು ಉದ್ದೇಶ, ಲಕ್ಷಣ, ಪರೀಕ್ಷಾ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ವಸ್ತುವಿನ ಹೆಸರನ್ನು ಹೇಳುವುದು ಉದ್ದೇಶ. ಇತರ ವಸ್ತುಗಳಿಂದ ಅದನ್ನು ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣವು ಆ ವಸ್ತುವಿಗೆ ಹೊಂದುತ್ತದೆಯೋ ಇಲ್ಲವೋ ಎಂದು ಪ್ರಮಾಣಗಳಿಂದ ನಿಶ್ಚಯಿಸುವುದು ಪರೀಕ್ಷೆ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಆ ಪರೀಕ್ಷೆಯು ನಡೆಯುವುದು ವಿಷಯಕ್ಕೇ ಹೊರತು ವಿದ್ಯಾರ್ಥಿಗಲ್ಲ. ವಿದ್ಯಾರ್ಥಿಯು ಅಲ್ಲಿ ಪರೀಕ್ಷಕನ ಸ್ಥಾನದಲ್ಲಿರುತ್ತಾನೆ. ಇಂದು ನಾವು ವಿದ್ಯಾರ್ಥಿಯನ್ನು ಪರೀಕ್ಷ್ಯನನ್ನಾಗಿ ಮಾಡಿದ್ದೇವೆ. ಅದು ಅವಶ್ಯಕವೇ ಇರಬಹುದು. ಆದರೆ ಪದದ ಹಳೆಯ ಅರ್ಥವನ್ನು ಪೂರ್ತಿಯಾಗಿ ಮರೆತುಬಿಟ್ಟರೆ ನಷ್ಟವುಂಟು.

೨

ಶ್ರೀಹರ್ಷನ 'ಖಂಡನಖಂಡಖಾದ್ಯ'ವೆಂಬ ಹನ್ನೆರಡನೆಯ ಶತಮಾನದ ಗ್ರಂಥದಲ್ಲಿ ಒಂದು ಉದಾಹರಣೆ ಬರುತ್ತದೆ. ಒಬ್ಬನು ಮುಷ್ಟಿಯಲ್ಲಿ ಕವಡೆಗಳನ್ನು ಮುಚ್ಚಿಟ್ಟುಕೊಂಡು, ಎಷ್ಟಿವೆಯೆಂದು ಇನ್ನೊಬ್ಬನನ್ನು ಕೇಳುತ್ತಾನೆ. ಅವನು ಸುಮ್ಮನೆ 'ಐದು' ಎನ್ನುತ್ತಾನೆ. ಮುಷ್ಟಿಯನ್ನು ಬಿಚ್ಚಿ ನೋಡಿದರೆ ಐದೇ ಇವೆ! ಹೇಳಿದ ಮಾತು ಯಥಾರ್ಥವಾಗಿದೆ. ಆದರೆ ಹೇಳಿದವನಿಗೆ ಜ್ಞಾನವಿತ್ತೆನ್ನಲಾಗುವುದೇ? ಯಥಾರ್ಥವಾದ ಅನುಭವವೇ ಪ್ರಮೆಯೆಂದು ಲಕ್ಷಣ ಮಾಡಿದವರಿಗೆ ಶ್ರೀಹರ್ಷನೊಡ್ಡಿದ ಇಕ್ಕಟ್ಟು ಇದು. ಎಂಟುನೂರು ವರ್ಷಗಳ ಮೇಲೆ ಆ ಮುಷ್ಟಿಯನ್ನೇ ನಮ್ಮ ರಾಜ್ಯದಲ್ಲಿ ಲಕ್ಷಾಂತರ ಮಕ್ಕಳ ಮುಂದೆ ಹಿಡಿಯಲಾಗುತ್ತಿದೆ.

೧೯೯೪ರಲ್ಲಿ ಆರಂಭವಾದ ಸಿ.ಇ.ಟಿ. ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ಅರುವತ್ತು ಪ್ರಶ್ನೆಗಳು, ಎಂಬತ್ತು ನಿಮಿಷಗಳು. ಪ್ರತಿಯೊಂದು ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಅಚ್ಚುಹಾಕಿರುತ್ತಾರೆ. ಅವುಗಳಲ್ಲಿ ಒಂದನ್ನು ಗುರುತಿಸತಕ್ಕದ್ದು. ತಪ್ಪಾದರೆ ಅಂಕವನ್ನು ಕಳೆಯುವ ಕ್ರಮವಿಲ್ಲ. ಹೀಗಿರಲಾಗಿ, ಭೌತಶಾಸ್ತ್ರದ ಗಂಧವೇ ಇಲ್ಲದವನೊಬ್ಬನು ಕಣ್ಣುಮುಚ್ಚಿ ಗುರುತುಹಾಕಿದರೂ, ಸಂಭವಗಣಿತದ ಪ್ರಕಾರ ಅವನಿಗೆ ಸರಾಸರಿ ಹದಿನೈದು ಅಂಕಗಳು ಬರತಕ್ಕದ್ದೇ. ವೈದ್ಯಶಿಕ್ಷಣದ ಪ್ರವೇಶಕ್ಕಾಗಿ ನಡೆಯುವ ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ನಾಲ್ಕಂಕಗಳನ್ನು ಕೊಟ್ಟು, ತಪ್ಪುತ್ತರಕ್ಕೆ ಒಂದನ್ನು ಕಳೆಯುತ್ತಾರೆ. ಅಲ್ಲಿಯೂ ಲೆಕ್ಕಹಾಕಿ ನೋಡಿದರೆ, ಕುರುಡು ಊಹೆಗೆ ಪ್ರಶ್ನೆಯೊಂದಕ್ಕೆ ಸರಾಸರಿ ಕಾಲಂಕದ ಲಾಭವೇ ಉಳಿಯುತ್ತದೆ. ಕಳೆಯುವ ಕ್ರಮವು ಊಹೆಯನ್ನು ತಗ್ಗಿಸುತ್ತದೆಯಲ್ಲದೆ ಅದರ ಫಲವನ್ನು ಇಲ್ಲವಾಗಿಸುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದುಂಟು. ಕುಮಾರಧಾರೆಯ ಮೇಲೆ ಪ್ರಾತಃಕಾಲದಲ್ಲಿ ಎದ್ದ ಮಂಜನ್ನು ಹೊಗೆಯೆಂದು ಭ್ರಮಿಸಿ, ಆಚೆ ದಡದಲ್ಲಿ ಬೆಂಕಿಯಿದೆಯೆಂದು ಒಬ್ಬನು ಅನುಮಾನಿಸುತ್ತಾನೆ. ದೈವಯೋಗದಿಂದ ಅಲ್ಲಿ ಯಾರೋ ತರಗೆಲೆಗೆ ಬೆಂಕಿಯಿಟ್ಟಿರುತ್ತಾರೆ. ಇವನು ಊಹಿಸಿದವನಲ್ಲ, ಕಾರಣವನ್ನು ಕೊಟ್ಟು ಯೋಚಿಸಿದವನೇ. ನಿರ್ಣಯವೂ ಸರಿಯಾಗಿದೆ. ಆದರೆ ಹೇತುವು ಕೆಟ್ಟದ್ದು. ನಾಲ್ಕರಲ್ಲೊಂದನ್ನು ಗುರುತಿಸುವ ಪರೀಕ್ಷೆಯು ಇವನನ್ನೂ ನಿಜವಾದ ಹೊಗೆಯನ್ನು ಕಂಡವನನ್ನೂ ಬೇರ್ಪಡಿಸಲಾರದು. ಇದರಂತೆಯೇ, ಎಲ್ಲವನ್ನೂ ಸರಿಯಾಗಿ ತಿಳಿದು ಕೊನೆಯಲ್ಲಿ ಗುಣಾಕಾರದಲ್ಲಿ ಎಡವಿದ ಹುಡುಗಿಯನ್ನೂ ಏನನ್ನೂ ತಿಳಿಯದವನನ್ನೂ ಅದು ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ.

ಪಿ.ಯು.ಸಿ. ಪರೀಕ್ಷೆಯು ಈ ವಿಷಯದಲ್ಲಿ ಮೇಲೆಂದು ಹೇಳತಕ್ಕದ್ದು ನ್ಯಾಯ. ಅಲ್ಲಿ ಎಪ್ಪತ್ತು ಅಂಕಗಳು ಲಿಖಿತ ಪರೀಕ್ಷೆಗೆ, ಮೂವತ್ತು ಪ್ರಯೋಗಕ್ಕೆ. ಲಿಖಿತದಲ್ಲಿ ಸೂತ್ರವೊಂದನ್ನು ಸಾಧಿಸುವಾಗ ಹಂತಹಂತಕ್ಕೂ ಅಂಕವುಂಟು. ನಮ್ಮ ನೈಯಾಯಿಕರು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳಿಲ್ಲದೆ ಪರರಿಗೆ ಅನುಮಾನವನ್ನು ಹೇಳಬಾರದೆಂದರಷ್ಟೆ. ನಿಗಮನವೊಂದೇ ಸಾಲದು, ದಾರಿಯನ್ನೂ ತೋರಿಸಬೇಕೆಂಬ ಈ ಭಾವವು ಹಂತಕ್ಕೆ ಅಂಕ ಕೊಡುವ ಕ್ರಮದಲ್ಲಿ ಇನ್ನೂ ಬದುಕಿದೆ. ಆದರೆ ಆ ಹಂತಗಳನ್ನೇ ಸ್ತೋತ್ರದಂತೆ ಕಂಠಪಾಠ ಮಾಡಿ ಬರೆಯುವ ವಿದ್ಯೆಯನ್ನೂ ನಮ್ಮ ಮಕ್ಕಳು ಕಲಿತುಬಿಟ್ಟಿದ್ದಾರೆ. ಕಂಠಪಾಠವನ್ನು ನಾನು ನಿಂದಿಸುವವನಲ್ಲ. ಅದರಿಂದಲೇ ನಮ್ಮ ವಾಙ್ಮಯವು ಸಹಸ್ರಾರು ವರ್ಷಗಳ ಕಾಲ ಉಳಿದುಬಂತು. ಆದರೆ ಅರ್ಥವನ್ನರಿಯದ ಅಧ್ಯಯನವು ಬರಿಯ ಭಾರವೆಂದು ನಿರುಕ್ತಕಾರನಾದ ಯಾಸ್ಕನ ಕಾಲಕ್ಕೇ ತಿಳಿದಿತ್ತೆಂಬುದನ್ನೂ ಮರೆಯಲಾಗದು.

೩

ಇನ್ನು ಬಾಲಕರ ಮನಸ್ಸಿನೊಳಗೆ ಏನಿರುತ್ತದೆಂಬುದನ್ನು ನೋಡೋಣ. ಅಂಗಳದಲ್ಲಿ ಒಣಗಿಸಿದ ಅಡಿಕೆಯೊಂದನ್ನು ತೆಗೆದುಕೊಂಡು ಮೇಲಕ್ಕೆ ನೆಟ್ಟಗೆ ಎಸೆಯಿರಿ. ಕೈಬಿಟ್ಟು ಮೇಲೇರುತ್ತಿರುವ ಆ ಅಡಿಕೆಯ ಮೇಲೆ ಯಾವ ಯಾವ ಬಲಗಳಿವೆಯೆಂದು ಕಾಲೇಜಿನಲ್ಲಿ ಓದುವ ಮಕ್ಕಳನ್ನು ಕೇಳಿರಿ. ಬಹುಮಂದಿ ಹೇಳುವ ಉತ್ತರವಿದು: ಕೈಯು ಕೊಟ್ಟ ಬಲವು ಅಡಿಕೆಯಲ್ಲಿ ಉಳಿದು ಅದನ್ನು ಮೇಲಕ್ಕೊಯ್ಯುತ್ತದೆ, ಆ ಬಲವು ಕ್ರಮೇಣ ತೀರಿಹೋದಾಗ ಭೂಮಿಯ ಆಕರ್ಷಣೆಯು ಗೆದ್ದು ಕೆಳಗಿಳಿಸುತ್ತದೆ. ಉತ್ತರವು ಎಷ್ಟು ಸಹಜವಾಗಿ ತೋರುತ್ತದೆಯೋ ಅಷ್ಟೇ ತಪ್ಪಾಗಿದೆ. ಕೈಬಿಟ್ಟ ಕ್ಷಣದಿಂದ, ಗಾಳಿಯ ಅಲ್ಪವಾದ ತಡೆಯನ್ನು ಲೆಕ್ಕಿಸದಿದ್ದರೆ, ಅಡಿಕೆಯ ಮೇಲಿರುವುದು ಭೂಮಿಯ ಆಕರ್ಷಣೆಯೊಂದೇ. ಏರುವಾಗಲೂ, ತುದಿಯಲ್ಲಿ ನಿಮಿಷಾರ್ಧವೂ ಅಲ್ಲದ ಕ್ಷಣಮಾತ್ರ ನಿಂತಾಗಲೂ, ಇಳಿಯುವಾಗಲೂ ಅದು ಸಮನಾಗಿಯೇ ಇರುತ್ತದೆ. ಚಲನೆಗೆ ಬಲವು ಬೇಡ. ಚಲನೆಯು ಬದಲಾಗುವುದಕ್ಕೆ ಮಾತ್ರ ಬೇಕು. ಇದು ನ್ಯೂಟನ್ನನು ೧೬೮೭ರಲ್ಲಿ ಪ್ರಕಟಿಸಿದ 'ಪ್ರಿನ್ಸಿಪಿಯಾ' ಗ್ರಂಥದ ಸಾರ. ಆ ನಿಯಮವನ್ನು ಉತ್ತರಪತ್ರಿಕೆಯಲ್ಲಿ ಒಂದಕ್ಷರವೂ ತಪ್ಪದೆ ಬರೆದ ವಿದ್ಯಾರ್ಥಿಯೇ ಅಡಿಕೆಯ ಪ್ರಶ್ನೆಗೆ ಮೇಲೆ ಹೇಳಿದ ತಪ್ಪುತ್ತರವನ್ನು ಕೊಡುತ್ತಾನೆ.

ಇದನ್ನು ಕಂಡು ಮಕ್ಕಳನ್ನು ದಡ್ಡರೆಂದು ಹಳಿಯಲಾಗದು. ವೈಶೇಷಿಕರೂ ಹೆಚ್ಚುಕಡಮೆ ಹೀಗೆಯೇ ಎಣಿಸಿದ್ದರು. ವೇಗವೆಂಬ ಸಂಸ್ಕಾರವೊಂದು ವಸ್ತುವಿನಲ್ಲಿ ಹುಟ್ಟಿ ಅದನ್ನು ಮುಂದುಮುಂದಕ್ಕೆ ಒಯ್ಯುತ್ತದೆ, ಅದು ಇಲ್ಲವಾದಾಗ ಗುರುತ್ವದಿಂದ ಪತನವಾಗುತ್ತದೆ ಎಂಬುದು ಅವರ ಮತ. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಬುರಿಡಾನನೂ ಅದಕ್ಕೆ ಸಮಾನವಾದುದನ್ನೇ ಹೇಳಿದನು. ಪ್ರಾಚೀನರ ಬುದ್ಧಿಗೌರವಕ್ಕೆ ಇದರಿಂದ ಕುಂದಿಲ್ಲ. ಹಾಗೆಂದು ನ್ಯೂಟನ್ನನ ನಿಯಮವು ಅವರಿಗೆ ಮೊದಲೇ ತಿಳಿದಿತ್ತೆಂದು ಅಭಿಮಾನದಿಂದ ಸಾಧಿಸಹೊರಡುವುದೂ ಸತ್ಯಕ್ಕೆ ಸಲ್ಲದು. ನಮಗೆ ಬೇಕಾದುದು ಇಷ್ಟೆ: ಮಹಾಮೇಧಾವಿಗಳು ಶತಮಾನಗಳ ಕಾಲ ನಂಬಿದುದನ್ನು ಹದಿನೇಳು ವರ್ಷದ ಹುಡುಗನು ಒಂದು ಗಂಟೆಯ ಪಾಠದಿಂದ ಬಿಟ್ಟುಬಿಡುವನೆಂದು ನಿರೀಕ್ಷಿಸುವುದು ಅವಿವೇಕ. ಆ ಹಳೆಯ ನಂಬಿಕೆಯು ಒಳಗೆ ಹಾಗೆಯೇ ಕುಳಿತಿರುತ್ತದೆ. ಹೊಸ ಸೂತ್ರವು ಅದರ ಮೇಲೆ ಬಳಿದ ಸುಣ್ಣದಂತೆ ಇರುತ್ತದೆ.

ಅಮೆರಿಕೆಯಲ್ಲಿ ಡೇವಿಡ್ ಹೆಸ್ಟಿನೀಸ್ ಎಂಬವರೂ ಅವರ ಜತೆಗಾರರೂ ೧೯೯೨ರಲ್ಲಿ ಬಲದ ಕಲ್ಪನೆಯನ್ನೇ ಪರೀಕ್ಷಿಸುವ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ಲೆಕ್ಕವಿಲ್ಲ, ಸೂತ್ರವಿಲ್ಲ. ಇಂತಹ ಅಡಿಕೆಯ ಪ್ರಶ್ನೆಗಳೇ ಇವೆ. ಉತ್ತರಗಳನ್ನು ಅಲ್ಲಿಯೂ ಅಚ್ಚುಹಾಕಿಯೇ ಕೊಟ್ಟಿದ್ದಾರೆ. ಆದರೆ ತಪ್ಪುತ್ತರಗಳು ಮನಬಂದಂತೆ ಹಾಕಿದವುಗಳಲ್ಲ. ವಿದ್ಯಾರ್ಥಿಗಳ ಮನಸ್ಸಿನಲ್ಲಿ ನಿಜವಾಗಿಯೂ ಇರುವ ಭ್ರಾಂತಿಗಳನ್ನು ಹುಡುಕಿ ತೆಗೆದು ಜೋಡಿಸಿದವುಗಳು. ನ್ಯಾಯಶಾಸ್ತ್ರದಲ್ಲಿ ಹೇತ್ವಾಭಾಸಗಳನ್ನು ಎಣಿಸಿ ಹೆಸರಿಟ್ಟಿರುವಂತೆಯೇ ಇದು. ಆದುದರಿಂದ ದೋಷವು ನಾಲ್ಕರಲ್ಲೊಂದನ್ನು ಆರಿಸುವ ರೀತಿಯಲ್ಲಿಯೇ ಇದೆಯೆಂದು ಹೇಳಲಾಗದು. ಪ್ರಶ್ನೆಯನ್ನು ರಚಿಸುವವನ ಶ್ರಮದಲ್ಲಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಎಂಬ ಅಧ್ಯಾಪಕರು ಇಂತಹ ಪ್ರಶ್ನೆಗಳನ್ನು ತಮ್ಮ ಶಿಷ್ಯರಿಗೆ ಕೊಟ್ಟಾಗ, ಒಬ್ಬಳು ವಿದ್ಯಾರ್ಥಿನಿಯು ಎದ್ದು, ತಾವು ಕಲಿಸಿದ ಪ್ರಕಾರ ಉತ್ತರಿಸಲೋ, ನಾನು ಯೋಚಿಸುವ ಪ್ರಕಾರ ಉತ್ತರಿಸಲೋ ಎಂದು ಕೇಳಿದಳಂತೆ. ಅಧ್ಯಾಪಕರೇ ಇದನ್ನು ಮುಂದೆ ಹಲವು ಸಭೆಗಳಲ್ಲಿ ಹೇಳಿದ್ದಾರೆ.

ಆ ಮಾತಿನಲ್ಲಿ ಈ ಪ್ರಬಂಧದ ವಿಷಯವೆಲ್ಲವೂ ಅಡಗಿದೆ. ಪರೀಕ್ಷೆಗೊಂದು ಸತ್ಯ, ಬಾಳಿಗೊಂದು ಸತ್ಯ ಎಂದು ಎರಡನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದನ್ನು ಮಗುವು ಕಲಿತರೆ, ಅದು ಬರಿಯ ವಿದ್ಯಾಲೋಪವಲ್ಲ, ಶೀಲಲೋಪವೂ ಹೌದು. ತಾನು ನಂಬದುದನ್ನು ನಂಬಿದವನಂತೆ ಬರೆದು ಬಹುಮಾನ ಪಡೆಯುವ ಅಭ್ಯಾಸವು ಹದಿನೇಳರಲ್ಲಿ ಬೇರುಬಿಟ್ಟರೆ ಐವತ್ತರಲ್ಲಿ ಅದನ್ನು ಕೀಳುವವರು ಯಾರು?

೪

ಇದಕ್ಕೆ ಹೊಂದಿದ ಇನ್ನೊಂದು ಪ್ರಶ್ನೆಯು ೨೦೨೪ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ವರ್ಷದ ಮೇ ೫ರಂದು ನಡೆದ ನೀಟ್ ಪರೀಕ್ಷೆಯ ಭೌತಶಾಸ್ತ್ರದ ಭಾಗದಲ್ಲಿ ಪರಮಾಣುಗಳನ್ನು ಕುರಿತು ಎರಡು ವಾಕ್ಯಗಳನ್ನು ಕೊಟ್ಟು, ಅವು ಸರಿಯೋ ತಪ್ಪೋ ಎಂದು ಕೇಳಿದ್ದರು. ಎರಡನೆಯ ವಾಕ್ಯದಲ್ಲಿ, ಪ್ರತಿಯೊಂದು ಮೂಲವಸ್ತುವಿನ ಪರಮಾಣುಗಳೂ ಸ್ಥಿರವಾದವುಗಳೆಂದಿತ್ತು. ರೇಡಿಯಂ, ಯುರೇನಿಯಂಗಳ ಪರಮಾಣುಗಳು ತಾವಾಗಿ ಒಡೆಯುತ್ತವೆಂಬುದು ಪ್ರಸಿದ್ಧವಾಗಿರುವುದರಿಂದ ಆ ವಾಕ್ಯವು ತಪ್ಪು. ಆದರೆ ರಾಷ್ಟ್ರೀಯ ಪಠ್ಯಪುಸ್ತಕದ ಹಿಂದಿನ ಮುದ್ರಣದಲ್ಲಿ ಆ ವಾಕ್ಯವೇ ಇದ್ದಿತು; ಮುಂದಿನ ಮುದ್ರಣದಲ್ಲಿ 'ಪ್ರತಿಯೊಂದು' ಎಂಬುದನ್ನು 'ಬಹುತೇಕ' ಎಂದು ತಿದ್ದಿದ್ದರು. ಹಳೆಯ ಪುಸ್ತಕವನ್ನು ನಂಬಿ ಉತ್ತರಿಸಿದವರು ನಾಲ್ಕು ಲಕ್ಷಕ್ಕೂ ಮಿಕ್ಕಿದ್ದರು. ಪರೀಕ್ಷೆಯನ್ನು ನಡೆಸಿದ ಸಂಸ್ಥೆಯು ಮೊದಲು ಎರಡುತ್ತರಗಳಿಗೂ ಅಂಕ ಕೊಟ್ಟಿತು. ನ್ಯಾಯಾಲಯವು ದೆಹಲಿಯ ಐ.ಐ.ಟಿ.ಯ ತಜ್ಞರಿಂದ ಅಭಿಪ್ರಾಯವನ್ನು ತರಿಸಿ, ಜುಲೈ ೨೩ರಂದು, ಒಂದುತ್ತರವೇ ಸರಿಯೆಂದು ನಿರ್ಣಯಿಸಿತು. ಹಳೆಯ ಪುಸ್ತಕದವರು ಐದೈದು ಅಂಕಗಳನ್ನು ಕಳೆದುಕೊಂಡರು. ಪೂರ್ಣಾಂಕ ಪಡೆದವರ ಸಂಖ್ಯೆಯು ಅರುವತ್ತೊಂದರಿಂದ ಹದಿನೇಳಕ್ಕಿಳಿಯಿತು.

ಇಲ್ಲಿ ಯಾರು ಸರಿ? ಪಾಠಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಇದು ಶಬ್ದಪ್ರಮಾಣಕ್ಕೂ ವಸ್ತುಸ್ಥಿತಿಗೂ ಬಂದ ಕಲಹ. ಆಪ್ತವಾಕ್ಯವು ಪ್ರಮಾಣವೆಂದು ನಾವೆಲ್ಲರೂ ಒಪ್ಪಿದ್ದೇವೆ; ಪರಮಾಣುವನ್ನು ಕಣ್ಣಾರೆ ಕಂಡ ಬಾಲಕನು ಯಾರೂ ಇಲ್ಲ. ಸರಕಾರವೇ ಅಚ್ಚುಹಾಕಿಸಿದ ಪುಸ್ತಕವು ಅವನಿಗೆ ಆಪ್ತವಾಕ್ಯವಲ್ಲದೆ ಮತ್ತೇನು? ಅದಲ್ಲದೆ, ಅಣ್ಣನ ಪುಸ್ತಕದಲ್ಲಿ ತಂಗಿಯು ಓದುವುದು ನಮ್ಮಲ್ಲಿ ಬಡವರ ಮನೆಗಳ ಧರ್ಮ. ಹೊಸ ಮುದ್ರಣವನ್ನು ಕೊಳ್ಳಬಲ್ಲವರ ಮಕ್ಕಳಿಗೆ ಐದಂಕ ಹೆಚ್ಚು, ಕೊಳ್ಳಲಾರದವರ ಮಕ್ಕಳಿಗೆ ಕಡಮೆ ಎಂದಾದರೆ ಅದು ಭೌತಶಾಸ್ತ್ರದ ಪರೀಕ್ಷೆಯಾಗದು.

ಹಾಗಾದರೆ ತಪ್ಪುತ್ತರಕ್ಕೂ ಅಂಕವನ್ನು ಕೊಟ್ಟುದೇ ಧರ್ಮವಾಗಿತ್ತೇ? ಹಾಗೂ ಹೇಳಲು ಮನಸ್ಸು ಒಪ್ಪುವುದಿಲ್ಲ. ರೇಡಿಯಂ ಒಡೆಯುವುದು ನಾಲ್ಕು ಲಕ್ಷ ಮಕ್ಕಳ ಹಿತವನ್ನು ನೋಡಿ ನಿಲ್ಲುವುದಿಲ್ಲ. ಪುಸ್ತಕದಲ್ಲಿದ್ದುದರಿಂದ ತಪ್ಪೂ ಸರಿಯೆಂದು ಒಮ್ಮೆ ಒಪ್ಪಿದರೆ, ಭೌತಶಾಸ್ತ್ರವನ್ನು ಬಿಟ್ಟು ಪುಸ್ತಕವನ್ನು ಪರೀಕ್ಷಿಸಿದಂತಾಯಿತು. ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಯಾವುದು ಸತ್ಯವೆಂಬುದು ಒಂದು. ಯಾರಿಗೆ ಏನು ಸಲ್ಲಬೇಕೆಂಬುದು ಇನ್ನೊಂದು. ಮೊದಲನೆಯದಕ್ಕೆ ನ್ಯಾಯಾಲಯವು ತಜ್ಞರನ್ನು ಕೇಳಿ ಸರಿಯಾದ ಉತ್ತರವನ್ನು ಕಂಡಿತು. ಎರಡನೆಯದಕ್ಕೆ ಆ ಪ್ರಶ್ನೆಯನ್ನೇ ಎಣಿಕೆಯಿಂದ ಕೈಬಿಡುವುದು ಹೆಚ್ಚು ನ್ಯಾಯವಾಗುತ್ತಿತ್ತೆಂದು ನನ್ನ ಬುದ್ಧಿಗೆ ತೋರುತ್ತದೆ. ಅದೇ ವರ್ಷ ನಮ್ಮ ರಾಜ್ಯದ ಸಿ.ಇ.ಟಿ.ಯಲ್ಲಿ ಪಠ್ಯದಿಂದ ಹೊರಗಿನ ಪ್ರಶ್ನೆಗಳು ಬಂದುವೆಂದು ಕೋಲಾಹಲವೆದ್ದಾಗ, ಪರೀಕ್ಷಾ ಪ್ರಾಧಿಕಾರವು ನಾಲ್ಕು ವಿಷಯಗಳಿಂದ ಐವತ್ತು ಪ್ರಶ್ನೆಗಳನ್ನು, ಅವುಗಳಲ್ಲಿ ಭೌತಶಾಸ್ತ್ರದ ಒಂಬತ್ತನ್ನು, ಹಾಗೆ ಕೈಬಿಟ್ಟಿತ್ತು. ಆದರೆ ಕೈಬಿಡುವುದರಿಂದಲೂ ಕಷ್ಟಪಟ್ಟು ಸರಿಯಾಗಿ ಉತ್ತರಿಸಿದವರಿಗೆ ನಷ್ಟವೇ. ಕೆಟ್ಟ ಪ್ರಶ್ನೆಯೊಂದು ಹೊರಬಿದ್ದ ಮೇಲೆ ಯಾರಿಗೂ ನೋವಾಗದ ಪರಿಹಾರವೆಂಬುದಿಲ್ಲ. ಆದುದರಿಂದ ಪ್ರಶ್ನೆಯನ್ನು ಬರೆಯುವವನ ಲೇಖನಿಯಲ್ಲಿ ನ್ಯಾಯಾಧೀಶನ ಲೇಖನಿಯಲ್ಲಿರುವಷ್ಟೇ ಭಯಭಕ್ತಿಗಳಿರತಕ್ಕದ್ದು.

೫

ಇಷ್ಟರವರೆಗೆ ಉತ್ತರಪತ್ರಿಕೆಯ ವಿಚಾರವಾಯಿತು. ಪ್ರಯೋಗಶಾಲೆಯ ಕಡೆಗೆ ಬರೋಣ. ನೀತಿಯ ಪ್ರಶ್ನೆಯು ತೀವ್ರವಾಗಿರುವುದು ಅಲ್ಲಿಯೇ.

ಪಿ.ಯು.ಸಿ. ಮೊದಲನೆಯ ವರ್ಷದಲ್ಲಿ ಸರಳ ಲೋಲಕದ ಪ್ರಯೋಗವೊಂದಿದೆ. ದಾರದ ತುದಿಗೆ ಲೋಹದ ಗುಂಡೊಂದನ್ನು ತೂಗುಹಾಕಿ, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಅದರಿಂದ ಭೂಮಿಯ ಗುರುತ್ವದ ಪ್ರಮಾಣವನ್ನು ಕಂಡುಹಿಡಿಯುವುದು. ಪುಸ್ತಕದಲ್ಲಿ ಅದು ೯.೮ ಎಂದಿರುತ್ತದೆ. ಲೋಲಕದ ಉದ್ದವು ಒಂದು ಮೀಟರ್ ಆಗಿದ್ದರೆ ನಮ್ಮ ಊರಿನಲ್ಲಿ ಇಪ್ಪತ್ತು ಆಂದೋಲನಗಳಿಗೆ ನಲವತ್ತು ಸೆಕೆಂಡುಗಳಿಗಿಂತ ಸ್ವಲ್ಪ ಹೆಚ್ಚು, ಸುಮಾರು ೪೦.೨ ಸೆಕೆಂಡುಗಳು ಬೇಕು. ಗಡಿಯಾರವನ್ನು ನಿಲ್ಲಿಸುವಾಗ ಹುಡುಗನ ಬೆರಳು ಅರ್ಧ ಸೆಕೆಂಡು ತಡವಾಯಿತೆನ್ನೋಣ, ಲೆಕ್ಕದಲ್ಲಿ ೯.೫ ಎಂದು ಬರುತ್ತದೆ. ಆಗ ಅವನ ಮುಂದೆ ಎರಡು ದಾರಿಗಳಿವೆ. ಕಂಡುದನ್ನು ಕಂಡಂತೆ ಬರೆದು, ವ್ಯತ್ಯಾಸಕ್ಕೆ ಕಾರಣವೇನೆಂದು ಯೋಚಿಸಿ, ಮತ್ತೊಮ್ಮೆ ಅಳೆಯುವುದು ಒಂದು. ೯.೮ರಿಂದ ಹಿಂದಕ್ಕೆ ಲೆಕ್ಕಹಾಕಿ, ಬರಬೇಕಾಗಿದ್ದ ಕಾಲವನ್ನು ಕಂಡುಹಿಡಿದು, ಅದನ್ನೇ ತಾನು ಅಳೆದುದೆಂದು ಪಟ್ಟಿಯಲ್ಲಿ ತುಂಬುವುದು ಇನ್ನೊಂದು. ಎರಡನೆಯ ದಾರಿಯು ಎಷ್ಟು ಜನಪ್ರಿಯವಾದುದೆಂಬುದನ್ನು ವಿದ್ಯಾಲಯದ ಸಹವಾಸವಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಉತ್ತರವು ೯.೮ಕ್ಕೆ ಹತ್ತಿರವಿದ್ದಷ್ಟೂ ಅಂಕವು ಹೆಚ್ಚೆಂದು ಮಕ್ಕಳಿಗೆ ಗೊತ್ತಾದಲ್ಲೆಲ್ಲ ಇದು ಬೆಳೆಯುತ್ತದೆ.

ವಿಚಿತ್ರವೇನೆಂದರೆ, ಸಮಭಾಜಕವೃತ್ತಕ್ಕೆ ಸಮೀಪವಾಗಿರುವ ನಮ್ಮ ಸೀಮೆಯಲ್ಲಿ ಆ ಪ್ರಮಾಣವು ೯.೭೮ರಷ್ಟು, ಧ್ರುವಗಳಲ್ಲಿ ೯.೮೩ರಷ್ಟು. ಅದು ಎಲ್ಲೆಡೆಯೂ ಒಂದೇ ಅಲ್ಲವೆಂಬುದು ಲೋಕಕ್ಕೆ ತಿಳಿದುದು ಹೇಗೆ? ಫ್ರಾನ್ಸಿನ ಜಾನ್ ರಿಶೆ ಎಂಬ ಜ್ಯೋತಿಷ್ಕನು ೧೬೭೨ರಲ್ಲಿ ದಕ್ಷಿಣ ಅಮೆರಿಕೆಯ ಕೇಯೆನ್ ಎಂಬಲ್ಲಿಗೆ ಹೋಗಿದ್ದಾಗ, ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರವು ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಕಂಡನು. ಯಂತ್ರವು ಕೆಟ್ಟಿತೆಂದೋ, ತನ್ನ ಕಣ್ಣಿಗೆ ದೋಷವೆಂದೋ ಅದನ್ನು ಮುಚ್ಚಿಡಲಿಲ್ಲ; ಕಂಡುದನ್ನು ಹಾಗೆಯೇ ವರದಿ ಮಾಡಿದನು. ಭೂಮಿಯು ಮಧ್ಯದಲ್ಲಿ ಉಬ್ಬಿದೆಯೆಂದು ಸಾಧಿಸುವಾಗ ನ್ಯೂಟನ್ನನು ಈ ವರದಿಯನ್ನು ಆಧಾರವಾಗಿಟ್ಟುಕೊಂಡನು. ಪುಸ್ತಕದ ಅಂಕಿಗೆ ಹೊಂದುವಂತೆ ರಿಶೆಯು ತನ್ನ ಪಟ್ಟಿಯನ್ನು ತಿದ್ದಿದ್ದರೆ ಆ ಸತ್ಯವು ಇನ್ನೆಷ್ಟು ಕಾಲ ಕಾಯಬೇಕಾಗಿತ್ತೋ!

ಆದುದರಿಂದ, ೯.೫ ಎಂದು ಬರೆದು 'ಬೆರಳು ತಡವಾಗಿರಬೇಕು' ಎಂದು ಹೇಳುವ ಹುಡುಗನಿಗೆ, ಕಾಣದ ೯.೮ನ್ನು ಕಂಡೆನೆಂದು ಬರೆಯುವವನಿಗಿಂತ ಹೆಚ್ಚಂಕವನ್ನು ಕೊಡಲಾರದ ಪರೀಕ್ಷೆಯು ಭೌತಶಾಸ್ತ್ರವನ್ನೂ ಅಳೆಯುವುದಿಲ್ಲ, ನೀತಿಯನ್ನೂ ಕಲಿಸುವುದಿಲ್ಲ. ನಾಳೆ ಆ ಎರಡನೆಯವನೇ ಸೇತುವೆಯ ಕಬ್ಬಿಣವನ್ನೋ ರೋಗಿಯ ರಕ್ತವನ್ನೋ ಪರೀಕ್ಷಿಸಿ ಬರೆದುಕೊಡುವ ಸ್ಥಾನದಲ್ಲಿ ಕೂರುತ್ತಾನೆ.

೬

ಇನ್ನು ಪೂರ್ವಪಕ್ಷವನ್ನು ಕೇಳಬೇಕು. "ನಿಮ್ಮ ಪಾಠಶಾಲೆಗಳಲ್ಲಿ ಇದಕ್ಕಿಂತ ಮೇಲಾದುದೇನಿತ್ತು?" ಎಂದು ಕೇಳಬಹುದು. ಇದ್ದಿತು. ಮಿಥಿಲೆಯಲ್ಲಿ ಶಲಾಕಾಪರೀಕ್ಷೆಯೆಂಬುದೊಂದು ಕ್ರಮವಿತ್ತು. ತಾಳೆಗರಿಯ ಗ್ರಂಥದೊಳಕ್ಕೆ ಸೂಜಿಯನ್ನು ಚುಚ್ಚಿ, ಅದು ನಿಂತ ಗರಿಯಲ್ಲಿರುವ ವಿಷಯವನ್ನು ವಿದ್ಯಾರ್ಥಿಯು ವಿವರಿಸತಕ್ಕದ್ದು. ಯಾವ ಭಾಗವು ಬರುವುದೆಂದು ಮೊದಲೇ ಊಹಿಸುವಂತಿರಲಿಲ್ಲ. ನಮ್ಮ ಕಡೆಯ ವಾಕ್ಯಾರ್ಥಸಭೆಗಳಲ್ಲಿ ಹೇಳಿದ ಮಾತಿಗೆ ಕೂಡಲೇ ಆಕ್ಷೇಪವು ಬರುತ್ತಿತ್ತು, ಆಕ್ಷೇಪಕ್ಕೆ ಸಮಾಧಾನವನ್ನು ಹೇಳಬೇಕಾಗಿತ್ತು. ಅರಿಯದವನು ಅಲ್ಲಿ ಎರಡನೆಯ ಪ್ರಶ್ನೆಗೇ ನಿಂತುಬಿಡುತ್ತಿದ್ದನು.

ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಆ ಸಭೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಮುಖವನ್ನೂ ಕುಲವನ್ನೂ ಕಂಡು ಪ್ರಶ್ನೆ ಕೇಳುವಲ್ಲಿ ಪಕ್ಷಪಾತಕ್ಕೆ ಎಡೆಯುಂಟು. ಇಂದಿನ ಲಿಖಿತ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲಿರುವುದು ಹೆಸರಲ್ಲ, ಸಂಖ್ಯೆ. ತೋಟದ ಯಜಮಾನನ ಮಗನೋ, ಆ ತೋಟದಲ್ಲಿ ಅಡಿಕೆ ಹೆಕ್ಕುವವಳ ಮಗಳೋ ಎಂಬುದು ಪರೀಕ್ಷಕನಿಗೆ ತಿಳಿಯದು. ಈ ಅಜ್ಞಾನವೇ ಅಲ್ಲಿ ನ್ಯಾಯಕ್ಕೆ ಆಧಾರ. ಲಕ್ಷಾಂತರ ಮಂದಿಗೆ ಒಬ್ಬೊಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳುವುದೂ ಆಗದ ಮಾತು. ಆದುದರಿಂದ ಸಾರ್ವಜನಿಕ ಪರೀಕ್ಷೆಯನ್ನು ತೆಗೆದುಹಾಕಬೇಕೆಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ೨೦೨೧ರಲ್ಲಿ ಕೋವಿಡ್ ಪಿಡುಗಿನಿಂದ ಪಿ.ಯು.ಸಿ. ಪರೀಕ್ಷೆಯು ನಿಂತುಹೋದಾಗ, ಹತ್ತನೆಯ ತರಗತಿಯ ಅಂಕಗಳಿಂದ ಶೇಕಡ ೪೫, ಮೊದಲ ಪಿ.ಯು.ಸಿ.ಯಿಂದ ೪೫, ಆ ವರ್ಷದ ಆಂತರಿಕ ಅಂಕಗಳಿಂದ ೧೦ ಎಂದು ಕೂಡಿಸಿ ಎಲ್ಲರನ್ನೂ ತೇರ್ಗಡೆಗೊಳಿಸಿದರು. ಅನ್ಯಮಾರ್ಗವಿರಲಿಲ್ಲ. ಆದರೆ ಆ ಅಂಕಗಳನ್ನು ಮುಂದಿನ ವರ್ಷದ ಸಿ.ಇ.ಟಿ.ಯಲ್ಲಿ ಎಣಿಸಬೇಕೋ ಬೇಡವೋ ಎಂಬ ವ್ಯಾಜ್ಯವು ೨೦೨೨ರಲ್ಲಿ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಅಳತೆಗೋಲು ಇಲ್ಲವಾದರೆ ಜಗಳವು ಇಲ್ಲವಾಗುವುದಿಲ್ಲ, ಹೆಚ್ಚುತ್ತದೆ.

ಸಿದ್ಧಾಂತವೇನೆಂದರೆ, ಪರೀಕ್ಷೆಗೆ ಎರಡು ಪ್ರಯೋಜನಗಳಿವೆ. ಇರುವ ಸ್ವಲ್ಪ ಸ್ಥಾನಗಳನ್ನು ಬಹುಮಂದಿಗೆ ನ್ಯಾಯವಾಗಿ ಹಂಚುವುದು ಒಂದು; ವಿದ್ಯಾರ್ಥಿಗೆ ತನ್ನ ಅರಿವು ಎಲ್ಲಿ ನಿಂತಿದೆಯೆಂದು ತೋರಿಸಿಕೊಡುವುದು ಇನ್ನೊಂದು. ಸಿ.ಇ.ಟಿ., ನೀಟ್‌ಗಳು ಮೊದಲನೆಯದಕ್ಕೆ ಹುಟ್ಟಿದವುಗಳು. ಅದನ್ನು ಅವು ಮಾಡಲಿ. ಬಳ್ಳದಿಂದ ಅಕ್ಕಿಯನ್ನು ಅಳೆಯಬಹುದು, ಅದರ ಪರಿಮಳವನ್ನು ಅಳೆಯಲಾಗದು. ಹಾಗೆಂದು ಬಳ್ಳವನ್ನು ಬಿಸಾಡುವವರಿಲ್ಲ. ಆದರೆ ಎರಡನೆಯ ಪ್ರಯೋಜನವನ್ನು ಅವುಗಳಿಂದ ನಿರೀಕ್ಷಿಸುವುದೂ, ಅವು ಕೊಟ್ಟ ಅಂಕಿಯನ್ನೇ ಮಗುವಿನ ಅರಿವೆಂದು, ಅದಕ್ಕಿಂತಲೂ ಮಿಗಿಲಾಗಿ ಮಗುವಿನ ಬೆಲೆಯೆಂದು ಎಣಿಸುವುದೂ ಮಹಾಪ್ರಮಾದ.

ಎರಡನೆಯ ಪರೀಕ್ಷೆಗೆ ಮಂಡಲಿಯ ಅಪ್ಪಣೆ ಬೇಕಾಗಿಲ್ಲ. ಅದು ತರಗತಿಯಲ್ಲಿಯೂ ಮನೆಯಲ್ಲಿಯೂ ನಡೆಯತಕ್ಕದ್ದು. ಬಾವಿಕಟ್ಟೆಯ ಬಳಿ ಮಗನನ್ನು ಕೇಳಿರಿ: ಈ ಒಂಟಿ ರಾಟೆಯಿಂದ ಕೊಡಪಾನದ ಭಾರವು ಕಡಮೆಯಾಗುವುದೇ? ಆಗುವುದೆನ್ನುವವರೇ ಹೆಚ್ಚು. ಕಟ್ಟಿನಿಂತ ರಾಟೆಯು ಭಾರವನ್ನು ಕಡಮೆಮಾಡುವುದಿಲ್ಲ; ಎಳೆಯುವ ದಿಕ್ಕನ್ನು ಮಾತ್ರ ಅನುಕೂಲವಾಗಿ ತಿರುಗಿಸುತ್ತದೆ. ಕಾರ್ತಿಕದ ಸಂಜೆಯ ಗುಡುಗಿಗೆ ಮಗಳೊಡನೆ ಕುಳಿತು ಎಣಿಸಿರಿ: ಮಿಂಚಿದ ಮೇಲೆ ಮೂರು ಸೆಕೆಂಡಿಗೊಂದು ಕಿಲೋಮೀಟರಿನಂತೆ ಸಿ.ಡಿಲು ಎಷ್ಟು ದೂರ? ಹೀಗೇಕೆ ಲೆಕ್ಕ? ಉತ್ತರವು ತಪ್ಪಿದರೆ ಅಂಕ ಹೋಗುವುದಿಲ್ಲವೆಂಬ ಧೈರ್ಯವಿರುವಲ್ಲಿಯೇ ಮಗುವು ತನಗೆ ನಿಜವಾಗಿ ತೋರಿದುದನ್ನು ಹೇಳುತ್ತದೆ. ಹೇಳಿದರೆ ಮಾತ್ರ ಅದನ್ನು ತಿದ್ದಲು ಬರುತ್ತದೆ.

ನಮ್ಮ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜನ್ನು ಬಿಟ್ಟವರು. ಭೌತಶಾಸ್ತ್ರದಲ್ಲಿ ಅವರಿಗೆ ಯಾವ ಪರೀಕ್ಷೆಯ ಮುದ್ರೆಯೂ ಬೀಳಲಿಲ್ಲ. ಆದರೂ ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನೂ ಮುಂದೆ 'ವಿಜ್ಞಾನಪ್ರಪಂಚ'ದ ಸಂಪುಟಗಳನ್ನೂ ಕನ್ನಡದಲ್ಲಿ ಬರೆದರು. ಎಲ್ಲ ಮಕ್ಕಳೂ ಪರೀಕ್ಷೆಯನ್ನು ಬಿಟ್ಟು ಕಾರಂತರಾಗಲೆಂದು ಇದರ ಅಭಿಪ್ರಾಯವಲ್ಲ; ಅದು ಎಲ್ಲರಿಂದಾಗುವ ಕೆಲಸವೂ ಅಲ್ಲ. ಲೋಕವನ್ನು ಸುತ್ತಲಿಂದಲೂ ನೋಡಬೇಕೆಂಬ ಆಸೆಯು ಅಂಕಪಟ್ಟಿಯಿಂದ ಹುಟ್ಟುವುದಿಲ್ಲ, ಅಂಕಪಟ್ಟಿಯೊಡನೆ ಮುಗಿಯಲೂ ಬಾರದು ಎಂಬಷ್ಟೇ ಅಭಿಪ್ರಾಯ. ಮಕ್ಕಳು ಪರೀಕ್ಷೆಗಳಲ್ಲಿ ಚೆನ್ನಾಗಿ ತೇರ್ಗಡೆಯಾಗಲಿ. ಆಮೇಲೆ, ಪದದ ಹಳೆಯ ಅರ್ಥದಲ್ಲಿ, ತಾವೇ ಪರೀಕ್ಷಕರಾಗಲಿ.